ಭಾನುವಾರದ ಕರ್ನಲ್

ಚುಕಿಸಾಕಾ ಪಟ್ಟಣ ಕೊನೆಗೆ ಒಂದು ಗುಂಡೂ ಹಾರದೆ ಕೈಗೆ ಬಂತು. ಸ್ಪೇನಿನ ರಾಜನ ದಂಡು ಹಿಂದಿನ ವಾರವೇ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗಿತ್ತು. ಬಿಳಿ ಗೋಡೆಗಳ ಬೀದಿಯಲ್ಲಿ ಎವಾರಿಸ್ತೋ ಸನಾಬ್ರಿಯಾ ತನ್ನ ಗುಡ್ಡಗಾಡಿನ ಜನರನ್ನು ಹಿಂದೆ ಕಟ್ಟಿಕೊಂಡು ಹೇಸರಗತ್ತೆಯ ಮೇಲೆ ಬಂದಾಗ ಉಪ್ಪರಿಗೆಗಳಿಂದ ಹೂ ಸುರಿಯಿತು. ಅಷ್ಟು ವರ್ಷ ಅವರನ್ನು ದರೋಡೆಕೋರರು ಎಂದು ಬೈಯುತ್ತಿದ್ದ ಹೆಂಗಸರೇ ಈಗ ಕರವಸ್ತ್ರ ಬೀಸುತ್ತಿದ್ದರು. ಅವನ ಜನರಲ್ಲಿ ಅರ್ಧಕ್ಕರ್ಧ ಮಂದಿಯ ಕಾಲಿಗೆ ಮೆಟ್ಟಿರಲಿಲ್ಲ. ಕೈಯಲ್ಲಿ ಬಂದೂಕಿಗಿಂತ ಕವಣೆ, ಈಟಿಗಳೇ ಹೆಚ್ಚು. ಉತ್ತರದಿಂದ ಬಂದ ವಿಮೋಚನೆಯ ಸೈನ್ಯದವರು ಸನಾಬ್ರಿಯಾನಿಗೆ ಕರ್ನಲ್ ಪದವಿಯನ್ನೂ ಒಂದು ನೀಲಿ ಕೋಟನ್ನೂ ಕೊಟ್ಟಿದ್ದರು. ಕೋಟು ಕಂಕುಳಲ್ಲಿ ಬಿಗಿಯುತ್ತಿತ್ತು.

ಅವನು ತಲೆಯೆತ್ತಿ ಉಪ್ಪರಿಗೆಗಳನ್ನು ಒಂದೊಂದಾಗಿ ನೋಡುತ್ತ ಬಂದ. ಹೂವನ್ನಲ್ಲ, ಹೂ ಎರಚುವ ಹೆಂಗಸರನ್ನೂ ಅಲ್ಲ. ಹನ್ನೆರಡರ ಆಸುಪಾಸಿನ ಹುಡುಗಿ ಕಂಡಲ್ಲೆಲ್ಲ ಅವನ ಕಣ್ಣು ನಿಲ್ಲುತ್ತಿತ್ತು.

"ಹಾಗೆ ಹುಡುಗೀರನ್ನೇ ನೋಡ್ಬೇಡ ಕಂಪಾದ್ರೆ," ಎಂದ ಪಕ್ಕದಲ್ಲಿದ್ದ ಕಸಿಮಿರೋ. "ಈ ಊರಿನೋರು ನಮ್ಮನ್ನ ಒಳ್ಳೇರು ಅಂದ್ಕೊಳ್ಳೋಕೆ ಶುರು ಮಾಡಿರೋದೇ ಇವತ್ತು."

ಕಸಿಮಿರೋ ಹೇಳಿದ್ದು ತಮಾಷೆಗೆ. ಅವನಿಗೆ ಕಾರಣ ಗೊತ್ತಿತ್ತು. ಸನಾಬ್ರಿಯಾನ ಮಗಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದಿದ್ದವನು ಅವನೇ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕಂಪಾದ್ರೆ ಎಂದೇ ಕರೆಯುತ್ತಿದ್ದರು. ಮಗು ಇಲ್ಲವಾದ ಮೇಲೂ ಆ ಕರೆ ಉಳಿದುಬಂದಿತ್ತು.

ಯುದ್ಧಕ್ಕೆ ಮೊದಲು ಸನಾಬ್ರಿಯಾ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದವನು. ಪಟ್ಟಣದಿಂದ ಮೂರು ದಿನದ ದಾರಿಯಾಚೆ ಚಲ್ಯಮಾಯು ಎಂಬ ಹಳ್ಳಿಯಲ್ಲಿ ಅವನ ಮನೆ. ಹೆಂಡತಿ ನಾರ್ಸಿಸಾ ಆ ಬೆಟ್ಟಗಳ ಮೂಲನಿವಾಸಿ ಕೆಚುವಾ ಜನದವಳು, ದೊಡ್ಡ ದನಿಯವಳು. ಈ ದಡದಲ್ಲಿ ನಿಂತು ಕೂಗಿದರೆ ಆ ದಡದ ಹೇಸರಗತ್ತೆ ಕಿವಿ ನಿಮಿರಿಸುತ್ತಿತ್ತು. ರಾಜನ ವಿರುದ್ಧ ಕಣಿವೆಗಳು ಎದ್ದಾಗ, ಕಾಲುದಾರಿಗಳೆಲ್ಲ ಗೊತ್ತಿದ್ದ ಸನಾಬ್ರಿಯಾ ತಾನಾಗಿ ಮುಂದಾಳಾದ. ಮೊದಲು ಇಪ್ಪತ್ತು ಮಂದಿ ಇದ್ದವರು ಇನ್ನೂರಾದರು. ಒಂದು ಚಳಿಗಾಲದಲ್ಲಿ, ಅವನು ಮೂರು ಬೆಟ್ಟದ ಸಾಲುಗಳಾಚೆ ದಂಡಿನ ಮದ್ದುಗುಂಡು ತಡೆಯಲು ಹೋಗಿದ್ದಾಗ, ರಾಜನ ಒಂದು ತುಕಡಿ ಚಲ್ಯಮಾಯುವನ್ನು ಸುಟ್ಟಿತು. ನಾರ್ಸಿಸಾ ಸತ್ತಳು. ಮೂರು ವರ್ಷದ ತೊಮಾಸಾಳನ್ನು ಒಬ್ಬ ಕ್ಯಾಪ್ಟನ್ ತನ್ನ ಕುದುರೆಯ ಮೇಲೆ ಮುಂದೆ ಕೂರಿಸಿಕೊಂಡು ಹೋದುದನ್ನು ಹಳ್ಳಿಯವರು ಕಂಡಿದ್ದರು.

ಆ ಕ್ಯಾಪ್ಟನ್ನನ ಹೆಸರು ರಾಮಿರೋ ಅಲ್ದಾನಾ. ಅವನು ಸನಾಬ್ರಿಯಾನ ಕೈಗೆ ಸಿಕ್ಕಿದ್ದು ಎರಡು ವರ್ಷ ಕಳೆದ ಮೇಲೆ, ಒಂದು ಹೊಳೆಯ ಕಡವಿನಲ್ಲಿ, ಹೊಟ್ಟೆಗೆ ಈಟಿ ನಾಟಿ. ಸನಾಬ್ರಿಯಾ ಅವನನ್ನು ಸಾಯಲು ಬಿಡದೆ ನೆರಳಿಗೆ ಎಳೆದು ತಂದು ಕೇಳಿದ್ದು ಒಂದೇ ಪ್ರಶ್ನೆ. ಕ್ಯಾಪ್ಟನ್ ಉತ್ತರ ಕೊಟ್ಟೇ ಸತ್ತ. ಮಗು ಬದುಕಿದೆ, ಚುಕಿಸಾಕಾದಲ್ಲಿ ತನ್ನ ಹೆಂಡತಿಯ ಬಳಿ ಇದೆ, ಕತ್ತಲೆಂದರೆ ಹೆದರುತ್ತದೆ, ದೀಪ ಉರಿಯುತ್ತಿದ್ದರೆ ಮಾತ್ರ ನಿದ್ದೆ ಮಾಡುತ್ತದೆ.

ಆಮೇಲಿನ ಏಳು ವರ್ಷ ಸನಾಬ್ರಿಯಾ ಆ ದೀಪವನ್ನು ಹಿಡಿದುಕೊಂಡೇ ಬದುಕಿದ. ಗುಹೆಯಲ್ಲಿ, ಹಿಮ ಬೀಳುವ ಕಣಿವೆಯಲ್ಲಿ, ಎಲ್ಲಿ ಮಲಗಿದರೂ ಈಗ ಅಲ್ಲಿ ದೀಪ ಹಚ್ಚಿರುತ್ತಾರೆ ಎಂದುಕೊಳ್ಳುವುದು ಅವನ ಪ್ರಾರ್ಥನೆಯಂತಾಗಿಬಿಟ್ಟಿತ್ತು. ಒಮ್ಮೆ ಸೌದೆ ಮಾರುವವನ ವೇಷದಲ್ಲಿ ಪಟ್ಟಣದೊಳಕ್ಕೇ ಬಂದಿದ್ದ. ಸಾನ್ ರೋಕೆ ಚರ್ಚಿನ ಹಿಂದಿನ ಬೀದಿ, ಹಸಿರು ಬಾಗಿಲಿನ ಮನೆ. ಮುಸ್ಸಂಜೆಯವರೆಗೂ ಎದುರು ಗೋಡೆಗೆ ಒರಗಿ ನಿಂತ. ಯಾರೂ ಹೊರಗೆ ಬರಲಿಲ್ಲ. ಮೇಲಿನ ಕಿಟಕಿಯಲ್ಲಿ ಬೆಳಕು ಮೂಡಿತು. ಕಾವಲಿನವರು ಗದರಿಸಿದ ಮೇಲೆ ಸೌದೆಯನ್ನು ಬಾಗಿಲ ಬಳಿಯೇ ಇಳಿಸಿ ಹೊರಟುಬಂದ.

ಈಗ ಪಟ್ಟಣವೇ ಅವನದು. ಕಾವಲು ಪಡೆಯ ಅಧಿಕಾರ ಅವನ ಕೈಯಲ್ಲಿತ್ತು. ಆದರೂ ಹಸಿರು ಬಾಗಿಲಿಗೆ ಹೋಗಲು ಅವನಿಗೆ ಇನ್ನೂ ಧೈರ್ಯ ಸಾಲಿರಲಿಲ್ಲ. ಪಟ್ಟಣ ಬಿಟ್ಟು ಹೋಗುವವರು ಅವನ ಅಪ್ಪಣೆ ಪಡೆಯಬೇಕಿತ್ತು. ಸ್ಪೇನಿನವರ ಮನೆಮಂದಿಯೆಲ್ಲ ಆರಿಕಾ ಬಂದರಿಗೆ ಹೋಗುವ ಆತುರದಲ್ಲಿದ್ದರು. ಬಂದ ಮೂರನೆಯ ದಿನ, ಅಪ್ಪಣೆ ಬೇಡಿದವರ ಹೆಸರುಗಳನ್ನು ಗುಮಾಸ್ತ ಓದಿ ಹೇಳುತ್ತಿದ್ದಾಗ, ಕ್ಯಾಪ್ಟನ್ ಅಲ್ದಾನಾನ ವಿಧವೆ ದೋನ್ಯಾ ಲಿಯೊಕಾದಿಯಾ, ಜೊತೆಗೆ ಮಗಳು ಎಲ್ವಿರಾ ಎಂಬ ಹೆಸರು ಬಂತು. ಸನಾಬ್ರಿಯಾ ಕೂತಲ್ಲಿಂದ ಎದ್ದ. ಕಸಿಮಿರೋ ಆಗಲೇ ಬಾಗಿಲ ಬಳಿ ಇದ್ದ.

ದಾರಿಯುದ್ದಕ್ಕೂ ಕಸಿಮಿರೋ ಹೇಳಿದ್ದು ಒಂದೇ ಮಾತು: ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ, ಹುಡುಗಿಯನ್ನು ಹೇಸರಗತ್ತೆ ಹತ್ತಿಸಿ ಕರೆದುಕೊಂಡು ಬರುವುದು, ಅಷ್ಟೇ. ಸನಾಬ್ರಿಯಾನಿಗೂ ಹಾಗೇ ಅನಿಸಿತ್ತು. ಏಳು ವರ್ಷ ಅವನು ಮನಸ್ಸಿನಲ್ಲಿ ನೂರು ಸಲ ಆ ಬಾಗಿಲು ಒಡೆದಿದ್ದ.

ಬಾಗಿಲು ತೆರೆದೇ ಇತ್ತು. ಬೀದಿಯ ಯಾರೋ ಕಲ್ಲು ತೂರಿ ಕೆಳಗಿನ ಕಿಟಕಿಗಳನ್ನು ಒಡೆದಿದ್ದರು. ಅಂಗಳದಲ್ಲಿ ಹಗ್ಗ ಬಿಗಿದ ಪೆಟ್ಟಿಗೆಗಳು. ಮುಂದಿನ ಕೋಣೆಯಲ್ಲಿ ಕಪ್ಪು ಬಟ್ಟೆಯ ತೆಳ್ಳನೆಯ ಹೆಂಗಸೊಬ್ಬಳು ನಿಂತಿದ್ದಳು. ಅವಳ ತೋಳು ಹಿಡಿದು ಒಬ್ಬ ಹುಡುಗಿ. ಸನಾಬ್ರಿಯಾ ಹುಡುಗಿಯನ್ನು ನೋಡಿದ. ಅಗಲ ಹಣೆ ನಾರ್ಸಿಸಾಳದೇ. ಆದರೆ ಅವನು ಹುಡುಕುತ್ತಿದ್ದುದು ಮೂರು ವರ್ಷದ ಮುಖ; ಅದು ಎಲ್ಲೂ ಇರಲಿಲ್ಲ. ಬಾಯಿಗೆ ಬಂದಿದ್ದ ತೊಮಾಸಾ ಎಂಬ ಹೆಸರು ಹೊರಗೆ ಬರಲೇ ಇಲ್ಲ.

ಮಾತಾಡಿದ್ದು ಹುಡುಗಿಯೇ.

"ನನ್ನ ಅಪ್ಪನ್ನ ಕೊಂದ ಸನಾಬ್ರಿಯಾ ನೀವೇನಾ?"

"ಹೌದಮ್ಮಾ," ಎಂದ ಅವನು. "ನಾನೇ."

ಹುಡುಗಿ ಅವನನ್ನು ಮೇಲಿಂದ ಕೆಳಕ್ಕೆ ನೋಡಿದಳು. ಆಮೇಲೆ ಹೆಂಗಸಿನ ಭುಜಕ್ಕೆ ಮುಖ ಒತ್ತಿಕೊಂಡಳು. ದೋನ್ಯಾ ಲಿಯೊಕಾದಿಯಾ ಅವಳ ಕಿವಿಯಲ್ಲಿ ಏನೋ ಹೇಳಿ, ಅಡುಗೆಯ ಪಾಸ್ಕುವಾಲಾಳನ್ನು ಕರೆದು ಮೇಲಕ್ಕೆ ಕಳಿಸಿದಳು. ಕಸಿಮಿರೋ ಕೂಡ, ಯಾರೂ ಹೇಳದೆ, ಅಂಗಳಕ್ಕೆ ಹೋದ.

ಇಬ್ಬರೇ ಉಳಿದಾಗ ಅವಳು ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ. ಅವಳಿಗೆ ಎಲ್ಲ ತಿಳಿದಿತ್ತು. ಈ ದಿನ ಬರುತ್ತದೆಂದು ಒಂಬತ್ತು ವರ್ಷದಿಂದ ತಿಳಿದಿತ್ತು. ಹಳ್ಳಿ ಸುಟ್ಟವರು ತನ್ನ ಗಂಡನ ತುಕಡಿಯವರೇ ಎಂದು ಗಂಡನೇ ಹೇಳಿದ್ದ. ಮಗುವನ್ನು ಮಡಿಲಿಗೆ ಹಾಕಿದ ದಿನದಿಂದ ಅವನಿಗೆ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲವಂತೆ. ತಮಗೆ ಮಕ್ಕಳಿರಲಿಲ್ಲ. ಹುಡುಗಿಗೆ ಮಾತ್ರ, ನಿನ್ನನ್ನು ಬೆಂಕಿಯಿಂದ ಎತ್ತಿಕೊಂಡು ಬಂದರು ಎಂದಷ್ಟೇ ಹೇಳಿದ್ದರು. ಅಪ್ಪಣೆ ಬೇಡುವಾಗ ನಿಜ ಹೆಸರನ್ನೇ ಕೊಟ್ಟಿದ್ದಾಗಿಯೂ, ಕದ್ದು ಓಡಿಹೋಗುವುದಕ್ಕೆ ಮನಸ್ಸು ಬರಲಿಲ್ಲವೆಂದೂ ಹೇಳಿದಳು.

"ನಿಮ್ಮನ್ನ ಒಂದು ಕೇಳ್ಬೇಕು," ಎಂದಳು. "ಅವರು ಹೇಗೆ ಹೋದ್ರು? ನಂಗೆ ಯಾರೂ ಸರಿಯಾಗಿ ಹೇಳ್ಲಿಲ್ಲ. ತಕ್ಷಣ ಪ್ರಾಣ ಹೋಯ್ತು ಅಂದ್ರು. ಎಲ್ಲರ ಹೆಂಡತೀರಿಗೂ ಹಾಗೇ ಹೇಳ್ತಾರೆ, ಅಲ್ವಾ?"

ಸನಾಬ್ರಿಯಾ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ಸುಳ್ಳು ಹೇಳಬಹುದಿತ್ತು.

"ತಕ್ಷಣ ಹೋಗ್ಲಿಲ್ಲಮ್ಮಾ. ಮಧ್ಯಾಹ್ನ ಗಾಯ ಆಯ್ತು, ಸೂರ್ಯ ಮುಳುಗೋ ಹೊತ್ತಿಗೆ ಹೋದ್ರು. ಒಂದು ಮೊಲ್ಯೆ ಮರದ ಕೆಳಗೆ ಮಲಗಿಸಿದ್ವಿ. ನೀರು ಕೇಳಿದ್ರು, ಕೊಟ್ಟೆ. ಹೊಟ್ಟೆ ಗಾಯಕ್ಕೆ ನೀರು ಕೊಡಬಾರದು ಅಂತಾರೆ, ಆದ್ರೂ ಕೊಟ್ಟೆ. ನೋವಿತ್ತು. ಬೈಲಿಲ್ಲ, ಕೂಗ್ಲಿಲ್ಲ. ಮಗೂ ವಿಷಯ ಕೇಳ್ದೆ. ದೀಪ ಆರಿಸ್ಬೇಡಿ ಅಂತ ನನ್ನ ಹೆಂಡತಿಗೆ ಹೇಳಿ ಅಂದ್ರು. ಆ ಮಾತು ನಿಮಗೆ ತಲುಪಿಸೋಕೆ ಆಗ್ಲಿಲ್ಲ."

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಆಮೇಲೆ, ಸಮಾಧಿ ಎಲ್ಲಿದೆ ಎಂದು ಕೇಳಿದಳು. ಅದೇ ಮರದ ಕೆಳಗೆ ಹೂಳಿಸಿ ಕಲ್ಲು ಇಟ್ಟಿದ್ದಾಗಿ ಅವನು ಹೇಳಿದ.

ಇನ್ನು ಉಳಿದದ್ದು ಹುಡುಗಿಯ ವಿಷಯ. ನೀವು ಹೋಗಬಹುದು, ಅವಳು ಹೋಗುವ ಹಾಗಿಲ್ಲ ಎಂದು ಹೇಳಬೇಕೆಂದೇ ಸನಾಬ್ರಿಯಾ ಬಂದಿದ್ದ. ಹೇಳಿದ ಕೂಡ. ಆಗಷ್ಟೇ ಮಹಡಿಯ ಮೆಟ್ಟಿಲಿಗೆ ಬಂದು ಈ ಕೊನೆಯ ಮಾತನ್ನಷ್ಟೇ ಕೇಳಿಸಿಕೊಂಡ ಹುಡುಗಿ ಓಡಿ ಬಂದು, ಅಮ್ಮನನ್ನು ಬಿಟ್ಟು ಉಳಿಸಿಕೊಂಡರೆ ತಾನು ಅನ್ನನೀರು ಮುಟ್ಟುವುದಿಲ್ಲ ಎಂದಳು. ಅಳಲಿಲ್ಲ, ಸುಮ್ಮನೆ ಹೇಳಿದಳು. ಆ ಹಟ ಯಾರದೆಂದು ಅವನಿಗೆ ಗೊತ್ತಿತ್ತು. ನಾರ್ಸಿಸಾ ಒಮ್ಮೆ ಅವನ ಮೇಲೆ ಮುನಿಸಿಕೊಂಡು ಹಬ್ಬದ ದಿನವಿಡೀ ಉಪವಾಸ ಕೂತಿದ್ದಳು.

ಅವನು ಕಿಟಕಿಯ ಕಡೆ ತಿರುಗಿ, ಒಡೆದ ಗಾಜನ್ನು ನೋಡುತ್ತ ಹೇಳಿದ. ಬಾಗಿಲಿಗೆ ನನ್ನ ಇಬ್ಬರು ಆಳುಗಳನ್ನು ನಿಲ್ಲಿಸುತ್ತೇನೆ, ಇನ್ನು ಯಾರೂ ಕಲ್ಲು ಎಸೆಯುವುದಿಲ್ಲ. ಇಬ್ಬರೂ ಇದೇ ಮನೆಯಲ್ಲಿ ಇರಬೇಕು. ನಾನು ಹುಡುಗಿಯನ್ನು ಕರೆದುಕೊಂಡು ಹೋಗುವುದಿಲ್ಲ.

"ನಂಗೆ ಭಾನುವಾರದ ಮಧ್ಯಾಹ್ನ ಕೊಡಿ," ಎಂದ. "ಬಂದು ಕೂತ್ಕೊಂಡು ಹೋಗ್ತೀನಿ. ಅಷ್ಟೇ."

ದೋನ್ಯಾ ಲಿಯೊಕಾದಿಯಾ ಹುಟ್ಟಿದ್ದು ಸ್ಪೇನಿನ ಕಾದಿಸ್‌ನಲ್ಲಿ, ಸಮುದ್ರದ ಪಕ್ಕದ ಬೀದಿಯಲ್ಲಿ. ಅಲ್ಲಿ ಅವಳ ತಂಗಿ ಇದ್ದಳು. ಹತ್ತೊಂಬತ್ತು ವರ್ಷದಿಂದ ಸಮುದ್ರ ನೋಡದಿದ್ದವಳು ಹೊರಡುವ ಹಿಂದಿನ ವಾರವೆಲ್ಲ ಹುಡುಗಿಗೆ ಅಲೆಯ ಸದ್ದನ್ನೇ ಬಣ್ಣಿಸಿದ್ದಳು. ಈಗ ಅಂಗಳಕ್ಕೆ ಹೋಗಿ, ಪಾಸ್ಕುವಾಲಾಳಿಗೆ ಪೆಟ್ಟಿಗೆಗಳ ಹಗ್ಗ ಬಿಚ್ಚಲು ಹೇಳಿದಳು.

ಹೊರಗೆ ಕಸಿಮಿರೋಗೆ ಸಿಟ್ಟು ನೆತ್ತಿಗೇರಿತ್ತು. "ಇದನ್ನ ಕೇಳೋಕೆ ಒಂಬತ್ತು ವರ್ಷ ಬೇಕಾಯ್ತಾ? ಮಗಳನ್ನ ನೋಡೋಕೆ ಹೆಣ್ಣು ಕೇಳೋ ಗಂಡಿನ ಥರ ಭಾನುವಾರ ಬಂದು ಕೂರ್ತಾನಂತೆ."

"ಅವಳು ನನ್ನ ಕಂಡ್ರೆ ಹೆದರ್ತಾಳೆ ಕಂಪಾದ್ರೆ," ಎಂದ ಸನಾಬ್ರಿಯಾ.

ಹಾಗೆ ಭಾನುವಾರಗಳು ಶುರುವಾದವು. ಪೂಜೆ ಮುಗಿದು ಊಟದ ಹೊತ್ತು ಕಳೆದ ಮೇಲೆ ಸನಾಬ್ರಿಯಾ ನೀಲಿ ಕೋಟು ಹಾಕಿಕೊಂಡು ಹಸಿರು ಬಾಗಿಲು ತಟ್ಟುತ್ತಿದ್ದ. ಮುಂದಿನ ಕೋಣೆಯಲ್ಲಿ ರೇಷ್ಮೆ ಹೊದಿಸಿದ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದ. ಹುಡುಗಿ ತಟ್ಟೆಯಲ್ಲಿ ಬಿಸಿ ಚಾಕೊಲೇಟ್ ತಂದು, "ತಗೊಳ್ಳಿ ಕರ್ನಲ್‌ರೇ" ಎಂದು ಕೊಟ್ಟು, ಎದುರಿಗೆ ಕೂತು ಕಸೂತಿ ಹಾಕುತ್ತಿದ್ದಳು. ದೋನ್ಯಾ ಲಿಯೊಕಾದಿಯಾ ಮಳೆಯ ಬಗ್ಗೆ, ಹಿಟ್ಟಿನ ಬೆಲೆಯ ಬಗ್ಗೆ ಒಂದೆರಡು ಮಾತಾಡುತ್ತಿದ್ದಳು. ಅವನ ಸ್ಪ್ಯಾನಿಷ್ ಮಾತು ಒರಟು. ಮೂರು ವಾಕ್ಯಕ್ಕೆ ಮುಗಿದುಹೋಗುತ್ತಿತ್ತು. ಇನ್ನೂರು ಜನರಿಗೆ ಬೆಟ್ಟದ ತುದಿಯಿಂದ ಆಜ್ಞೆ ಕೂಗಿದವನಿಗೆ ಈ ಕೋಣೆಯಲ್ಲಿ ಬಟ್ಟಲು ಕೆಳಗಿಡುವ ಸದ್ದೂ ಹೆಚ್ಚೆನಿಸುತ್ತಿತ್ತು. ಅವನು ಹುಡುಗಿಯ ಬೆರಳುಗಳನ್ನು ನೋಡುತ್ತ ಕೂರುತ್ತಿದ್ದ. ನೆರಳು ಎದುರು ಗೋಡೆ ಮುಟ್ಟಿದಾಗ ಎದ್ದು ಹೊರಡುತ್ತಿದ್ದ.

ಬರುವಾಗ ಏನಾದರೂ ತರುತ್ತಿದ್ದ. ಕಣಿವೆಯ ಜೇನು, ಸೀತಾಫಲ, ಒಮ್ಮೆ ಒಂದು ಬಿಳಿ ಕುರಿಮರಿ. ಹುಡುಗಿ ಎಲ್ಲಕ್ಕೂ ವಂದನೆ ಹೇಳಿ ಪಾಸ್ಕುವಾಲಾಳ ಕೈಗೆ ಕೊಡುತ್ತಿದ್ದಳು. ಊರಿನವರು ಅವನನ್ನು ಭಾನುವಾರದ ಕರ್ನಲ್ ಎಂದು ಕರೆಯತೊಡಗಿದ್ದರು. ಕೆಲವರಿಗೆ ಅವನು ವಿಧವೆಯ ಬೆನ್ನು ಹತ್ತಿದ್ದಾನೆಂದು ಗುಮಾನಿ. ಅದು ಕಸಿಮಿರೋನ ಕಿವಿಗೆ ಬಿದ್ದು, ಊರಿನ ಒಬ್ಬನ ಮೂಗು ಮುರಿಯುವವರೆಗೂ ಹೋಯಿತು.

ಮಳೆಗಾಲದ ಒಂದು ಭಾನುವಾರ ದೋನ್ಯಾ ಲಿಯೊಕಾದಿಯಾಗೆ ತಲೆನೋವು, ಮಲಗಿದ್ದಳು. ಹುಡುಗಿ ಅವಳ ಹಣೆಗೆ ವಿನಿಗರ್ ಬಟ್ಟೆ ಹಾಕುತ್ತ ಮೇಲೆ ಕೂತಿದ್ದಳು. ಮುಂದಿನ ಕೋಣೆಯಲ್ಲಿ ಒಬ್ಬನೇ ಕೂರಲಾರದೆ ಸನಾಬ್ರಿಯಾ ಎದ್ದು, ಹೊಗೆಯ ವಾಸನೆ ಹಿಡಿದು ಹಿತ್ತಲ ಅಡುಗೆಮನೆಗೆ ಹೋದ. ಪಾಸ್ಕುವಾಲಾ ನೆಲದಲ್ಲಿ ಕೂತು ಕಲ್ಲಿನ ಮೇಲೆ ಕೆಂಪು ಮೆಣಸಿನಕಾಯಿ ಅರೆಯುತ್ತಿದ್ದಳು. ಅವಳಿಗೆ ಕೆಚುವಾ ಭಾಷೆಯಲ್ಲಿ ಏನೋ ಕೇಳಿದ. ಅವಳು ನಗುತ್ತ ಜಾಗ ಬಿಟ್ಟುಕೊಟ್ಟಳು. ಅವನು ನೀಲಿ ಕೋಟು ಬಿಚ್ಚಿ, ಮೊಣಕಾಲೂರಿ, ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅರೆಯಲು ಕೂತ.

"ಕರ್ನಲ್ ಆದ್ಮೇಲೆ ಕೈ ಮೆತ್ತಗಾಗಿದೆ ನೋಡಿ ಅಯ್ಯಾ," ಎಂದಳು ಪಾಸ್ಕುವಾಲಾ. "ಬೀಜ ಎಲ್ಲಾ ಹಾಗೇ ಇದೆ."

"ನಿಮ್ಮ ಕಲ್ಲೇ ಸವೆದು ಬೋಳಾಗಿದೆ. ನಾರ್ಸಿಸಾ ಇದನ್ನ ನೋಡಿದ್ರೆ ಕೋಳಿಗೆ ನೀರಿಡೋಕೇ ಸರಿ ಅಂತಿದ್ಲು."

ಹಾಗೆ ಹೇಳಿ ಅವನು ನಕ್ಕ. ಖಾರ ಮೂಗಿಗೆ ಹತ್ತಿ ಸೀನು ಬಂತು, ಕಣ್ಣಲ್ಲಿ ನೀರು ಇಳಿಯಿತು. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿ ಖಾಲಿ ಬಟ್ಟಲು ಹಿಡಿದು ನಿಂತಿದ್ದಳು. ಅಡುಗೆಮನೆಯಲ್ಲೇ ಬೆಳೆದವಳಿಗೆ ಕೆಚುವಾ ಪೂರ್ತಿ ಅರ್ಥವಾಗಿತ್ತು. ಅವಳು ಸ್ಪ್ಯಾನಿಷ್ ಬಿಟ್ಟು ಅದೇ ಭಾಷೆಯಲ್ಲಿ ಕೇಳಿದಳು.

"ನಾರ್ಸಿಸಾ ಅಂದ್ರೆ ಯಾರು?"

ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಅದರಿಂದ ಕಣ್ಣು ಇನ್ನಷ್ಟು ಉರಿಯಿತು. "ನಿನ್ನ ಹೆತ್ತೋಳು," ಎಂದ.

ಹುಡುಗಿ ಒಳಗೆ ಬಂದು ಮೆಕ್ಕೆಜೋಳದ ಚೀಲದ ಮೇಲೆ ಕೂತಳು. ಅಂದಿನಿಂದ ಭಾನುವಾರಗಳು ಅಡುಗೆಮನೆಗೆ ಬಂದವು. ಹುಡುಗಿ ಕೇಳುತ್ತಿದ್ದಳು, ಅವನು ಹೇಳುತ್ತಿದ್ದ. ನಾರ್ಸಿಸಾ ಹೇಗೆ ಕೂಗುತ್ತಿದ್ದಳು, ಹೇಸರಗತ್ತೆಗಳಿಗೆ ಊರಿನ ದೊಡ್ಡವರ ಹೆಸರಿಟ್ಟು ಹೇಗೆ ಬೈಯುತ್ತಿದ್ದಳು, ನಿದ್ದೆಯಲ್ಲಿ ಹೇಗೆ ಹಲ್ಲು ಕಡಿಯುತ್ತಿದ್ದಳು. ದೋನ್ಯಾ ಲಿಯೊಕಾದಿಯಾ ಕೆಲವು ಸಲ ಬಾಗಿಲವರೆಗೆ ಬಂದು ನಿಲ್ಲುತ್ತಿದ್ದಳು. ಮಾತು ನಿಲ್ಲುತ್ತಿತ್ತು. ಅವಳು ನೀರು ಕುಡಿದು ಹಿಂದಿರುಗುತ್ತಿದ್ದಳು.

ಎರಡು ವರ್ಷ ಹೀಗೆ ಹೋಯಿತು. ಅಷ್ಟರಲ್ಲಿ ದೇಶಕ್ಕೆ ಹೊಸ ಹೆಸರು ಬಂದಿತ್ತು, ಸಭೆಯಲ್ಲಿ ವಕೀಲರು ಕೂತಿದ್ದರು. ಕೊನೆಯ ವರ್ಷದವರೆಗೂ ರಾಜನ ಕಡೆಯಿದ್ದು ಗಾಳಿ ನೋಡಿ ಪಕ್ಷ ಬದಲಿಸಿದ ಅಧಿಕಾರಿಗಳೇ ಪಡೆಗಳ ಮುಂದಾಳುಗಳಾದರು. ಗುಡ್ಡಗಾಡಿನವರನ್ನು ಇನ್ನು ಬೇಡವೆಂದು ಮನೆಗೆ ಕಳಿಸಿದರು. ಓದು ಬಾರದ ಕರ್ನಲ್‌ಗೆ ಕೊಡಲು ಯಾವ ಕೆಲಸವೂ ಇರಲಿಲ್ಲ. ಅವನ ಜಾಗಕ್ಕೆ ಬಂದ ಯುವ ಅಧಿಕಾರಿ ಬಹಳ ಮರ್ಯಾದೆಯಿಂದಲೇ ಕೋಣೆಯ ಬೀಗದ ಕೈ ಇಸಿದುಕೊಂಡ. ಸನಾಬ್ರಿಯಾನಿಗೆ ಅವಮಾನವಾಯಿತು, ಆದರೆ ಕಸಿಮಿರೋಗೆ ಆದಷ್ಟಲ್ಲ. ಚಲ್ಯಮಾಯುಗೆ ಹಿಂದಿರುಗಿ ಮತ್ತೆ ಹೇಸರಗತ್ತೆ ಸಾಕುವುದೆಂದು ಇಬ್ಬರೂ ಮಾತಾಡಿಕೊಂಡರು. ಅವನ ಸಂಕಟವೆಲ್ಲ ಒಂದೇ: ಮೂರು ದಿನದ ದಾರಿಯನ್ನು ಪ್ರತಿ ಭಾನುವಾರ ನಡೆಯಲಾಗುವುದಿಲ್ಲ.

ಆ ಭಾನುವಾರ ಅಡುಗೆಮನೆಯಲ್ಲಿ ಅದನ್ನು ಹೇಳಿದ. ಹುಡುಗಿ ಬಿಡಿಸುತ್ತಿದ್ದ ಜೋಳದ ತೆನೆಯನ್ನು ಕೆಳಗಿಟ್ಟಳು.

"ನನ್ನೂ ಕರ್ಕೊಂಡು ಹೋಗಿ," ಎಂದಳು. "ಇರೋಕಲ್ಲ. ಅವಳನ್ನ ಹೂತಿರೋ ಜಾಗ ನೋಡ್ಬೇಕು."

ಸನಾಬ್ರಿಯಾ ಇದನ್ನು ತಾನಾಗಿ ಎಂದೂ ಕೇಳಿರಲಿಲ್ಲ. ದೋನ್ಯಾ ಲಿಯೊಕಾದಿಯಾಗೆ ಹೇಳಿದಾಗ ಅವಳ ಮುಖ ಬಿಳಿಚಿಕೊಂಡಿತು. ಈಗ ಅವನಿಗೆ ಅಧಿಕಾರವಿಲ್ಲ. ತಾನು ಬೇಡವೆಂದರೆ ಬಲವಂತ ಮಾಡುವವರು ಯಾರೂ ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಹುಡುಗಿಯನ್ನು ಬೆಟ್ಟದೊಳಕ್ಕೆ ಕರೆದುಕೊಂಡು ಹೋದವನು ಹಿಂದೆ ತರದಿದ್ದರೆ ಹುಡುಕಿ ತರುವವರೂ ಇಲ್ಲ ಎಂಬುದೂ ಗೊತ್ತಿತ್ತು. ಬಹಳ ಹೊತ್ತು ಜಪಮಾಲೆಯ ಮಣಿಗಳನ್ನು ಎಳೆಯುತ್ತ ಕೂತಳು.

"ನೀವು ನಂಗೆ ಒಂದು ಸಲ ನಿಜ ಹೇಳಿದೀರಿ," ಎಂದಳು. "ಅದು ಕೇಳೋಕೆ ಕಷ್ಟ ಆಗಿತ್ತು. ಅದಕ್ಕೇ ನಂಬ್ತೀನಿ. ಕರ್ಕೊಂಡು ಹೋಗಿ ಬನ್ನಿ."

ಹೊರಡುವ ದಿನ ಅವಳೇ ಹುಡುಗಿಗೆ ಉಣ್ಣೆಯ ಶಾಲು ಸುತ್ತಿ, ಬುತ್ತಿ ಕಟ್ಟಿ, ಹೇಸರಗತ್ತೆಯ ತಡಿಯ ಪಟ್ಟಿಯನ್ನು ತಾನೇ ಎಳೆದು ಪರೀಕ್ಷಿಸಿದಳು. ಕಸಿಮಿರೋ ಮುಂದೆ, ಹುಡುಗಿ ನಡುವೆ, ಸನಾಬ್ರಿಯಾ ಹಿಂದೆ. ಮೊದಲ ದಿನ ಹುಡುಗಿ ಮಾತಾಡಲಿಲ್ಲ. ಎರಡನೆಯ ದಿನ ಇಳಿಜಾರಿನಲ್ಲಿ ಹೇಸರಗತ್ತೆ ಮೊಂಡು ಹಿಡಿದಾಗ, ನಾರ್ಸಿಸಾ ಕೂಗುತ್ತಿದ್ದ ಹಾಗೆ ಒಮ್ಮೆ ಕೂಗಿ ತೋರಿಸಿ ಎಂದಳು. ಸನಾಬ್ರಿಯಾನಿಗೆ ಆ ದನಿ ಬರಲಿಲ್ಲ. ಕಸಿಮಿರೋ ಪ್ರಯತ್ನಿಸಿದ, ಅದಂತೂ ಗಂಟಲು ಕೆಟ್ಟ ಹುಂಜದಂತಿತ್ತು. ಆಮೇಲೆ ಹುಡುಗಿ ತಾನೇ ಕೂಗಿದಳು. ಎದುರು ಬೆಟ್ಟದಿಂದ ದನಿ ತಿರುಗಿ ಬಂತು. ಮುಂದಿದ್ದ ಕಸಿಮಿರೋ ಹೇಸರಗತ್ತೆಯನ್ನು ನಿಲ್ಲಿಸಿದ. ಇಬ್ಬರು ಗಂಡಸರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ಚಲ್ಯಮಾಯುವಿನಲ್ಲಿ ಏಳೆಂಟು ಮನೆಗಳು ಮತ್ತೆ ಎದ್ದಿದ್ದವು. ನಾರ್ಸಿಸಾಳ ಸೋದರತ್ತೆ ಈಗ್ನಾಸಿಯಾ ಇನ್ನೂ ಬದುಕಿದ್ದಳು. ಮುದುಕಿ ಹುಡುಗಿಯ ಎರಡೂ ಕೆನ್ನೆ ಹಿಡಿದು, ತೊಮಾಸಾ, ತೊಮಾಸಾ ಎಂದು ಹೆಸರು ಹೇಳುತ್ತ ಮುಖವನ್ನೆಲ್ಲ ಸವರಿದಳು. ಹುಡುಗಿ ಸುಮ್ಮನೆ ನಿಂತಿದ್ದಳು. ಸಮಾಧಿಯ ಬಳಿ ಕರೆದುಕೊಂಡು ಹೋದವಳೂ ಮುದುಕಿಯೇ. ಮಣ್ಣಿನ ಗುಡ್ಡೆ, ಸುತ್ತ ಹೊಳೆಯ ಕಲ್ಲು. ಮುದುಕಿ ನೆಲಕ್ಕೆ ಚೀಚಾ ಎಂಬ ಜೋಳದ ಹೆಂಡ ಚೆಲ್ಲಿ, ಬೆಂಕಿ ಎಲ್ಲಿಂದ ಶುರುವಾಯಿತು, ಕುದುರೆಗಳು ಯಾವ ಕಡೆಯಿಂದ ಬಂದವು ಎಂದು ಬೆರಳು ತೋರಿಸಿ ಹೇಳತೊಡಗಿದಳು. ರಾಜನ ಸಿಪಾಯಿಗಳು ಎಂದಳು. ಸನಾಬ್ರಿಯಾ ತಡೆಯಲಿಲ್ಲ. ಇದನ್ನು ತಡೆಯುವ ಹಕ್ಕು ತನಗಿಲ್ಲವೆಂದು ಅವನಿಗೆ ಅನಿಸಿತು.

ಹುಡುಗಿ ಸಂಜೆ ಹೊಳೆಯ ದಡದಲ್ಲಿ ಅವನ ಪಕ್ಕ ಬಂದು ಕೂತಳು.

"ಆ ಸಿಪಾಯಿಗಳ ಜೊತೆ ಅಪ್ಪ ಇದ್ರಾ?"

"ಇದ್ರು."

"ಬೆಂಕಿ ಹಚ್ಚಿಸಿದ್ದು ಅವರೇನಾ?"

"ಅವರ ತುಕಡಿ. ಅವರೇ ಮುಂದಾಳು. ಬೆಂಕಿಯೊಳಗೆ ನುಗ್ಗಿ ನಿನ್ನ ಎತ್ಕೊಂಡು ಬಂದೋರೂ ಅವರೇ. ಎರಡೂ ನಿಜ. ನಾನು ಒಂದನ್ನ ಬಿಟ್ಟು ಒಂದನ್ನ ಹೇಳೋಕಾಗಲ್ಲ."

ಅವಳು ಹೊಳೆಯ ಕಡೆ ನೋಡಿದಳು. ಬೆನ್ನು ಅದುರುತ್ತಿತ್ತು. ಮುಟ್ಟಬಹುದೋ ಬಾರದೋ ತಿಳಿಯದೆ ಸನಾಬ್ರಿಯಾ ಕೈಯನ್ನು ತನ್ನ ಮೊಣಕಾಲ ಮೇಲೆಯೇ ಇಟ್ಟುಕೊಂಡ. ಸ್ವಲ್ಪ ಹೊತ್ತಿಗೆ ಅವಳೇ ಅವನ ತೋಳಿಗೆ ತಲೆ ಒರಗಿಸಿ ಅತ್ತಳು. ಎಷ್ಟು ಹೊತ್ತೋ ಅತ್ತು, ಮೂಗೊರೆಸಿಕೊಂಡು, "ಅಮ್ಮನಿಗೆ ಇದು ಗೊತ್ತಾ ತಾಯ್ತಾ?" ಎಂದಳು. ಪಾಸ್ಕುವಾಲಾಳ ಮಕ್ಕಳು ತಮ್ಮ ಅಪ್ಪನನ್ನು ಕರೆಯುವುದು ಹಾಗೆಯೇ. ಹಾಗೆ ಕರೆದದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ಅವನು ಗೊತ್ತು ಎಂದ.

ಹಳ್ಳಿಯಲ್ಲಿ ಐದಾರು ದಿನ ಇದ್ದರು. ಮುದುಕಿ ಅವಳಿಗೆ ಮಗ್ಗದ ಮುಂದೆ ಕೂರಲು ಕಲಿಸಿದಳು. ಹುಡುಗಿ ಹೊಳೆಯಲ್ಲಿ ಕಾಲಿಟ್ಟು ಕೂತಳು, ಹುರಿದ ಜೋಳ ತಿಂದಳು, ಹೇಸರಗತ್ತೆಗಳಿಗೆ ಹೆಸರಿಟ್ಟಳು. ಸನಾಬ್ರಿಯಾ ಹೊಲದ ಅಂಚಿನಲ್ಲಿ ನಿಂತು ನೋಡುತ್ತಿದ್ದ. ಅವನು ಇಷ್ಟು ವರ್ಷ ಬೇಡಿದ್ದೆಲ್ಲ ಕಣ್ಣೆದುರಿಗಿತ್ತು. ಆದರೂ ಒಮ್ಮೊಮ್ಮೆ, ಅವಳು ಅತ್ತ ತಿರುಗಿದಾಗ, ಅವನ ಕಣ್ಣು ಅವಳ ಸೊಂಟದೆತ್ತರದಲ್ಲಿ ಇನ್ಯಾರನ್ನೋ ಹುಡುಕುತ್ತಿತ್ತು. ಮೂರು ವರ್ಷದ ಆ ಮಗು ಕುದುರೆಯ ಮೇಲೆ ಹೋದದ್ದು ಹೋಯಿತು. ಅದು ಯಾವ ಪಟ್ಟಣದಲ್ಲೂ ಇರಲಿಲ್ಲ, ಯಾರೂ ಅದನ್ನು ಹಿಂದೆ ಕೊಡುವಂತಿರಲಿಲ್ಲ. ಇದನ್ನು ಅವನು ಕಸಿಮಿರೋಗೂ ಹೇಳಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಹುಡುಗಿ ಮನೆಗೆ ಹೋಗೋಣ ಎಂದಳು. ಮನೆಯೆಂದರೆ ಯಾವುದೆಂದು ಅವನು ಕೇಳಲಿಲ್ಲ. ಹೇಸರಗತ್ತೆಗಳಿಗೆ ತಡಿ ಹಾಕಿದ.

ಅವರು ಪಟ್ಟಣ ಸೇರಿದಾಗ ದೋನ್ಯಾ ಲಿಯೊಕಾದಿಯಾ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಹಿಂದಿನ ಎರಡು ದಿನದಿಂದ ಅವಳು ಅಲ್ಲಿಂದ ಎದ್ದಿಲ್ಲವೆಂದು ಪಾಸ್ಕುವಾಲಾ ಆಮೇಲೆ ಹೇಳಿದಳು. ಹುಡುಗಿ ಇಳಿದು ಅವಳ ಮುಂದೆ ನಿಂತಳು. ಹುಡುಗಿಗೆ ಎಲ್ಲ ತಿಳಿಯಿತೆಂದು ಆ ಮುಖ ನೋಡಿದವರಿಗೆ ಗೊತ್ತಾಗುತ್ತಿತ್ತು. ದೋನ್ಯಾ ಲಿಯೊಕಾದಿಯಾ ಕೈ ಚಾಚಲಿಲ್ಲ. ಮಡಿಲಲ್ಲಿ ಕೈ ಕಟ್ಟಿಕೊಂಡು, ಬಂದದ್ದು ಬರಲಿ ಎಂಬಂತೆ ಕಾದಳು. ಹುಡುಗಿ ನಿಂತೇ ಇದ್ದಳು. ಆಮೇಲೆ ಕುಸಿದು ಕೂತು ಅವಳ ಮಡಿಲಲ್ಲಿ ತಲೆಯಿಟ್ಟಳು.

ಸನಾಬ್ರಿಯಾ ಹೊರಡಲು ತಿರುಗಿದ. "ಅಡುಗೆ ಆಗಿದೆ ಕರ್ನಲ್‌ರೇ, ನೀವೂ ಬನ್ನಿ," ಎಂದಳು ದೋನ್ಯಾ ಲಿಯೊಕಾದಿಯಾ, ಹುಡುಗಿಯ ತಲೆಯ ಮೇಲಿಂದ. ಅಂದು ಎಲ್ಲರೂ ಅಡುಗೆಮನೆಯಲ್ಲೇ ಊಟ ಮಾಡಿದರು. ದೋನ್ಯಾ ಲಿಯೊಕಾದಿಯಾ ಎಂದೂ ಕೂರದ ಚೀಲದ ಮೇಲೆ ಕೂತು ಸೂಪು ಕುಡಿದಳು. ಮೊಲ್ಯೆ ಮರ ದಾರಿಯಲ್ಲಿ ಸಿಗುತ್ತದೆಯೇ ಎಂದು ಕೇಳಿದಳು. ಸ್ವಲ್ಪ ಬಳಸಿ ಹೋದರೆ ಸಿಗುತ್ತದೆ, ಮುಂದಿನ ಸಲ ಕರೆದುಕೊಂಡು ಹೋಗುತ್ತೇನೆ ಎಂದ ಅವನು.

ಮರುದಿನ ಬೆಳಿಗ್ಗೆ ಹೊರಟಾಗ ಹುಡುಗಿ ಬೀದಿಯ ತಿರುವಿನವರೆಗೂ ಬಂದಳು. ಮತ್ತೆ ಯಾವಾಗ ಎಂದು ಕೇಳಿದಳು. ಜೋಳದ ಕೊಯ್ಲು ಮುಗಿಸಿಕೊಂಡು ಬರುತ್ತೇನೆಂದ. ಆಗಲಿ ಎಂದು ತಲೆಯಾಡಿಸಿ, ಹೇಸರಗತ್ತೆಯ ಕತ್ತು ತಟ್ಟಿ, ಓಡಿಹೋದಳು.

ಸನಾಬ್ರಿಯಾ ಊರ ಹೊರಗಿನ ಏರು ಹತ್ತಿ, ಕೆಳಗಿನ ಬಿಳಿ ಗೋಡೆಗಳನ್ನು ಒಮ್ಮೆ ನೋಡಿ, ಕೊಯ್ಲಿಗೆ ಇನ್ನೆಷ್ಟು ದಿನ ಇದೆ ಕಂಪಾದ್ರೆ ಎಂದು ಕೇಳಿದ.

"ಕೊಯ್ಲಾ?" ಎಂದ ಕಸಿಮಿರೋ. "ನಾವಿನ್ನೂ ಬಿತ್ತೇ ಇಲ್ಲವಲ್ಲೋ."